ಸಿಇಟಿ ಆಪ್ಷನ್ ಎಂಟ್ರಿ: ಎಂಜಿನಿಯರಿಂಗ್ ಕಾಲೇಜುಗಳನ್ನು ಹೋಲಿಸಿ ಪಟ್ಟಿ ಮಾಡುವುದು ಹೇಗೆ

ಸಿಇಟಿ ರ‍್ಯಾಂಕ್ ಕೈಗೆ ಬಂದ ದಿನ ಎಲ್ಲರೂ ಕೇಳುವುದು "ಈ ರ‍್ಯಾಂಕಿಗೆ ಎಲ್ಲಿ ಸಿಗುತ್ತೆ?" ಅಂತ. ಅದಕ್ಕೆ ಉತ್ತರ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಪ್ರಕಟಿಸಿರುವ ಹಿಂದಿನ ವರ್ಷದ ಕಟಾಫ್ ಪಟ್ಟಿಯಲ್ಲೇ ಇದೆ. ಕಟಾಫ್ ಅಂದರೆ ಆ ಸೀಟು ಸಿಕ್ಕ ಕೊನೆಯ ರ‍್ಯಾಂಕ್. ಹುಡುಕಲು ಅರ್ಧ ಗಂಟೆ ಸಾಕು. ತಲೆ ಕೆಡಿಸುವ ಪ್ರಶ್ನೆ ಆಮೇಲಿನದು: ಸಿಗಬಹುದಾದ ಮೂವತ್ತು ನಲವತ್ತು ಸೀಟುಗಳಲ್ಲಿ ಕೆಇಎಗೆ ಕೊಡುವ ಆಪ್ಷನ್ ಪಟ್ಟಿಯಲ್ಲಿ ಯಾವುದನ್ನು ಯಾವುದರ ಮೇಲೆ ಬರೆಯಬೇಕು?

ಬಹಳಷ್ಟು ಮನೆಗಳಲ್ಲಿ ಈ ಪಟ್ಟಿ ಕಟಾಫ್ ಕ್ರಮದಲ್ಲೇ ತಯಾರಾಗುತ್ತದೆ. ಕಡಿಮೆ ರ‍್ಯಾಂಕಿಗೆ ಮುಗಿದ ಸೀಟು ಮೇಲೆ, ಜಾಸ್ತಿ ರ‍್ಯಾಂಕಿನವರೆಗೂ ಉಳಿದ ಸೀಟು ಕೆಳಗೆ. ಎಡವುವುದು ಇಲ್ಲೇ. ಆ ಸೀಟನ್ನು ಕಳೆದ ವರ್ಷ ಎಷ್ಟು ಜನ ಬಯಸಿದರು ಎಂಬುದಷ್ಟೇ ಕಟಾಫಿನಿಂದ ಗೊತ್ತಾಗುತ್ತದೆ. ಪಾಠ ಹೇಗೆ ನಡೆಯುತ್ತದೆ, ನಾಲ್ಕು ವರ್ಷಕ್ಕೆ ಎಷ್ಟು ಖರ್ಚು, ಓದಿ ಹೊರಬಿದ್ದವರ ಗತಿ ಏನಾಯಿತು ಎಂಬ ಯಾವುದೂ ಅದರಲ್ಲಿಲ್ಲ. ಕಟಾಫನ್ನು ಸೀಟು ಸಿಗುವ ಸಾಧ್ಯತೆ ಅಳೆಯಲು ಬಳಸಿ. ಮೇಲೆ ಕೆಳಗೆ ಜೋಡಿಸಲು ಬೇರೆ ಅಳತೆಗಳು ಬೇಕು.

ನಿಮ್ಮ ಪಟ್ಟಿಯನ್ನು ಗಣಕ ಓದುವ ರೀತಿ

ಆಪ್ಷನ್ ಎಂದರೆ ಕಾಲೇಜು ಮತ್ತು ಬ್ರಾಂಚ್ ಎರಡೂ ಸೇರಿದ ಒಂದು ಜೋಡಿ. ಒಂದೇ ಕಾಲೇಜಿನ ಐದು ಬ್ರಾಂಚ್ ಬೇಕಿದ್ದರೆ ಐದು ಆಪ್ಷನ್ ಹಾಕಬೇಕು. ಸೀಟು ಹಂಚುವಾಗ ರ‍್ಯಾಂಕ್ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿ ತೆಗೆಯುತ್ತಾರೆ. ನಿಮ್ಮ ಸರದಿ ಬಂದಾಗ ಮೊದಲ ಆಪ್ಷನ್‌ನಲ್ಲಿ ನೀವು ಅರ್ಹರಾಗಿರುವ ವರ್ಗಗಳಲ್ಲಿ ಸೀಟು ಉಳಿದಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಎರಡನೆಯದಕ್ಕೆ ಹೋಗುತ್ತದೆ, ಆಮೇಲೆ ಮೂರನೆಯದಕ್ಕೆ. ಎಲ್ಲಿ ಸೀಟು ಕಾಣುತ್ತದೋ ಅಲ್ಲಿಗೆ ನಿಲ್ಲುತ್ತದೆ. ಅದರ ಕೆಳಗೆ ಏನಿದೆ ಎಂದು ತಿರುಗಿ ನೋಡುವುದಿಲ್ಲ.

ಹಾಗಾಗಿ ಕೈಗೆಟುಕದ ಕಾಲೇಜನ್ನು ಮೇಲೆ ಬರೆದರೆ ನಷ್ಟವೇನೂ ಇಲ್ಲ. "ಸಿಗದ್ದನ್ನು ಬರೆದು ಸಿಗೋದನ್ನು ಕಳ್ಕೋಬೇಡ" ಎಂದು ಹೆದರಿಸುವವರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಮಾತಿಗೆ ಕಿವಿಗೊಡಬೇಕಿಲ್ಲ. ಅಪಾಯ ಇರುವುದು ಇದಕ್ಕೆ ತಿರುಗುಮುರುಗಾದ ಕಡೆ. ಹೋಗಲು ಮನಸ್ಸಿಲ್ಲದ ಸೀಟೊಂದನ್ನು ಸುಮ್ಮನೆ ಒಂಬತ್ತನೆಯದಾಗಿ ಬರೆದಿಟ್ಟು, ನಿಜವಾಗಿ ಬೇಕಾದದ್ದು ಹತ್ತನೆಯದಾಗಿದ್ದರೆ, ಒಂಬತ್ತನೆಯದು ಸಿಕ್ಕ ಕ್ಷಣಕ್ಕೆ ಹತ್ತನೆಯದು ಆ ಸುತ್ತಿನಲ್ಲಿ ಕೈತಪ್ಪಿತು. ಪ್ರತಿ ಸಾಲಿಗೂ ಒಂದೇ ಪರೀಕ್ಷೆ: ಇದು ಸಿಕ್ಕು, ಇದರ ಕೆಳಗಿನ ಯಾವುದೂ ಸಿಗದೆ ಹೋದರೆ ನಿಮಗೆ ಒಪ್ಪಿಗೆಯೇ? ಅಲ್ಲ ಎನ್ನುವುದಾದರೆ ಅದು ಇನ್ನೂ ಕೆಳಗೆ ಹೋಗಬೇಕು, ಇಲ್ಲವೇ ಪಟ್ಟಿಯಿಂದಲೇ ಹೊರಡಬೇಕು.

ಕಟಾಫ್ ಪಟ್ಟಿ ಓದುವುದು

ಮೊದಲು ನಿಮ್ಮ ಸಾಲು ಯಾವುದು ಎಂದು ಗುರುತಿಸಿಕೊಳ್ಳಿ. ಜಿಎಂ ಎಂದರೆ ಸಾಮಾನ್ಯ ಅರ್ಹತೆ. ಉಳಿದವು 1, 2ಎ, 2ಬಿ, 3ಎ, 3ಬಿ, ಎಸ್‌ಸಿ, ಎಸ್‌ಟಿ. ಪ್ರತಿಯೊಂದರ ಕೊನೆಗೆ ಜಿ, ಕೆ ಅಥವಾ ಆರ್ ಅಂಟಿಕೊಂಡಿರುತ್ತದೆ. ಜಿ ಎಂದರೆ ಆ ವರ್ಗದ ಎಲ್ಲರಿಗೂ ತೆರೆದ ಸೀಟು. ಕೆ ಎಂದರೆ ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಆರ್ ಎಂದರೆ ಆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ. ಕನ್ನಡ ಮಾಧ್ಯಮಕ್ಕೆ 5 ಪ್ರತಿಶತ, ಗ್ರಾಮೀಣಕ್ಕೆ 15 ಪ್ರತಿಶತ ಸೀಟು ಮೀಸಲು. 2ಎ ವರ್ಗದ ಗ್ರಾಮೀಣ ವಿದ್ಯಾರ್ಥಿ 2ಎಆರ್ ಸಾಲೊಂದನ್ನೇ ನೋಡಿ ಕೂತರೆ ಸಾಲದು. 2ಎಜಿ, ಜಿಎಂ ಸಾಲುಗಳೂ ಅವರಿಗೆ ತೆರೆದಿವೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಅಭ್ಯರ್ಥಿಗಳಿಗೆ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಬೇರೆ ಪಟ್ಟಿಯೇ ಇರುತ್ತದೆ: ಆ ಭಾಗದ ಕಾಲೇಜುಗಳಲ್ಲಿ 70 ಪ್ರತಿಶತ, ರಾಜ್ಯದ ಉಳಿದೆಡೆ 8 ಪ್ರತಿಶತ.

ಆಮೇಲೆ ಸುತ್ತು ನೋಡಿ. ಮೊದಲ ಸುತ್ತಿನ ಕಟಾಫ್ ಬಿಗಿಯಾಗಿರುತ್ತದೆ. ಸೀಟು ಬಿಟ್ಟುಹೋದವರ ಜಾಗ ತೆರೆದುಕೊಳ್ಳುತ್ತಾ ಕೊನೆಯ ಸುತ್ತಿನ ಹೊತ್ತಿಗೆ ಅದು ಸಡಿಲವಾಗುತ್ತದೆ. ಎರಡಕ್ಕೂ ಉಪಯೋಗ ಬೇರೆ ಬೇರೆ. "ಇದು ಖಂಡಿತ ಸಿಗುತ್ತದೆ" ಎಂದುಕೊಳ್ಳುವ ಸೀಟನ್ನು ಮೊದಲ ಸುತ್ತಿನ ಅಂಕಿಯಿಂದ ಅಳೆಯಿರಿ. "ಸಿಕ್ಕರೂ ಸಿಗಬಹುದು" ಎಂಬ ಆಸೆಯ ಸೀಟನ್ನು ಕೊನೆಯ ಸುತ್ತಿನ ಅಂಕಿಯಿಂದ ಅಳೆಯಿರಿ. ಎರಡನ್ನೂ ಕಲಸಿ ಒಂದೇ ಅಂಕಿ ಇಟ್ಟುಕೊಂಡವರು ಮೊದಲ ಸುತ್ತಿನಲ್ಲಿ ಬರಿಗೈಯಾದಾಗ ಗಾಬರಿಬೀಳುತ್ತಾರೆ.

ಕೈಲೆಕ್ಕಕ್ಕೆ ಒಂದು ಅಂದಾಜು ಸೂತ್ರ. ನಿಮ್ಮ ರ‍್ಯಾಂಕ್ 20,000 ಎಂದುಕೊಳ್ಳಿ. ನಿಮ್ಮ ಸಾಲಿನಲ್ಲಿ ಕಟಾಫ್ 10,000ದಿಂದ 17,000ದವರೆಗೆ ಇರುವವು ಆಸೆಯ ಸೀಟುಗಳು. 17,000ದಿಂದ 28,000ದವರೆಗಿನವು ಅತ್ತ ಇತ್ತ ತೂಗಾಡುವವು. ಅದಕ್ಕಿಂತ ಮೇಲಿನವು ಭದ್ರ. ಅಂದರೆ ರ‍್ಯಾಂಕಿನ 0.85 ಪಟ್ಟು ಮತ್ತು 1.4 ಪಟ್ಟು ಎಂಬ ಎರಡು ಗೆರೆಗಳು. ಕೆಇಎ ನಿಯಮದಲ್ಲಿ ಇಂಥದ್ದೇನೂ ಇಲ್ಲ. ಕಟಾಫ್ ವರ್ಷದಿಂದ ವರ್ಷಕ್ಕೆ ಅಲುಗಾಡುವುದಕ್ಕೆ ಬಿಟ್ಟ ಜಾಗ, ಅಷ್ಟೆ.

ಅಲುಗಾಡುವುದೇಕೆ? ಮುಖ್ಯ ಕಾರಣ ಸೀಟಿನ ಸಂಖ್ಯೆ. ಒಂದು ಬ್ರಾಂಚಿಗೆ ಗರಿಷ್ಠ ಇಷ್ಟೇ ಸೀಟು ಎಂದು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಹಾಕಿದ್ದ ಮಿತಿ 2024-25ರಿಂದ ಉತ್ತಮ ಸಾಧನೆಯ ಸಂಸ್ಥೆಗಳಿಗೆ ಸಡಿಲವಾಯಿತು. ಅದರ ಪರಿಣಾಮವಾಗಿ ಕಂಪ್ಯೂಟರ್ ಸೈನ್ಸ್ ಸೀಟುಗಳನ್ನು ಏರಿಸಿಕೊಂಡ ಕಾಲೇಜುಗಳಿವೆ. ಸೀಟು ಹೆಚ್ಚಾದ ಕಡೆ ಕಟಾಫ್ ಹಿಂದಿನ ವರ್ಷಕ್ಕಿಂತ ದೂರ ಹೋಗುತ್ತದೆ. ಆದ್ದರಿಂದ ಹಳೆಯ ಕಟಾಫಿನ ಪಕ್ಕದಲ್ಲಿ ಈ ವರ್ಷದ ಸೀಟ್ ಮ್ಯಾಟ್ರಿಕ್ಸ್, ಅಂದರೆ ಎಲ್ಲೆಲ್ಲಿ ಎಷ್ಟು ಸೀಟು ಎಂಬ ಪಟ್ಟಿ, ಇಟ್ಟುಕೊಂಡೇ ಓದಬೇಕು. ಇದೇ ವರ್ಷ ಶುರುವಾದ ಬ್ರಾಂಚಿಗೆ ಹಿಂದಿನ ಅಂಕಿಯೇ ಇರುವುದಿಲ್ಲ. ಅದೇ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಕಟಾಫಿಗಿಂತ ಸ್ವಲ್ಪ ಸಡಿಲ ಎಂದು ಹಿಡಿದು ಮುಂದುವರಿಯಿರಿ.

ಮೀಸಲು ಸಾಲುಗಳು ಇನ್ನೂ ಹೆಚ್ಚು ಹೊಯ್ದಾಡುತ್ತವೆ. 60 ಸೀಟಿನ ಬ್ರಾಂಚಿನಲ್ಲಿ 45 ಪ್ರತಿಶತ ಕೆಇಎಗೆ ಬಂದರೆ 27 ಸೀಟು. ಇವು ಇಪ್ಪತ್ತನಾಲ್ಕು ಸಾಲುಗಳಲ್ಲಿ ಹಂಚಿಹೋಗಬೇಕು. ಹಲವು ಸಾಲಿಗೆ ಒಂದೇ ಸೀಟು, ಕೆಲವಕ್ಕೆ ಅದೂ ಇಲ್ಲ. ಒಬ್ಬ ವಿದ್ಯಾರ್ಥಿ ಮನಸ್ಸು ಬದಲಿಸಿದರೆ ಆ ಸಾಲಿನ ಕಟಾಫ್ ಸಾವಿರಗಟ್ಟಲೆ ಜಿಗಿಯುತ್ತದೆ. ಇಂಥ ಸಾಲಿನಲ್ಲಿ ಒಂದೇ ವರ್ಷದ ಅಂಕಿ ನಂಬದೆ ಮೂರು ವರ್ಷದ್ದನ್ನು ಬರೆದುಕೊಂಡು, ಅತಿ ಬಿಗಿಯಾದ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಕಾಲೇಜು ಮುಖ್ಯವೋ, ಬ್ರಾಂಚ್ ಮುಖ್ಯವೋ

ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ, ಆದರೆ ಕೆಲವು ಸಂದರ್ಭಗಳಲ್ಲಿ ಉತ್ತರ ಸ್ಪಷ್ಟವಾಗಿಯೇ ಇದೆ.

ಸಾಫ್ಟ್‌ವೇರ್ ಕೆಲಸವೇ ಗುರಿಯಾಗಿದ್ದರೆ ಕಂಪ್ಯೂಟರ್ ಸೈನ್ಸ್ ಮತ್ತು ಇನ್ಫರ್ಮೇಷನ್ ಸೈನ್ಸ್ ನಡುವೆ ತಲೆ ಕೆಡಿಸಿಕೊಳ್ಳಬೇಡಿ. ಪಠ್ಯ ಬಹುಪಾಲು ಒಂದೇ, ಬರುವ ಕಂಪನಿಗಳೂ ಅವೇ. ಒಳ್ಳೆಯ ಕಾಲೇಜಿನ ಇನ್ಫರ್ಮೇಷನ್ ಸೈನ್ಸನ್ನು ಬಿಟ್ಟು ಸಾಧಾರಣ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಹಿಡಿಯುವುದರಲ್ಲಿ ಅರ್ಥವಿಲ್ಲ. ಎಲೆಕ್ಟ್ರಾನಿಕ್ಸ್ ವಿಷಯವೂ ಹೆಚ್ಚುಕಡಿಮೆ ಹೀಗೆಯೇ: ಗಟ್ಟಿ ಕಾಲೇಜಿನಲ್ಲಿ ಇಸಿ ಓದಿದವರನ್ನು ಅನೇಕ ಸಾಫ್ಟ್‌ವೇರ್ ಕಂಪನಿಗಳು ಸಂದರ್ಶನಕ್ಕೆ ಕರೆಯುತ್ತವೆ, ಚಿಪ್ ವಿನ್ಯಾಸದ ದಾರಿಯೂ ತೆರೆದಿರುತ್ತದೆ. ಸಿವಿಲ್, ಮೆಕ್ಯಾನಿಕಲ್‌ಗೆ ಈ ಮಾತು ಪೂರ್ತಿ ಒಪ್ಪುವುದಿಲ್ಲ. ದೊಡ್ಡ ಸಂಖ್ಯೆಯಲ್ಲಿ ನೇಮಿಸಿಕೊಳ್ಳುವ ಐಟಿ ಸೇವಾ ಕಂಪನಿಗಳು ಎಲ್ಲ ಬ್ರಾಂಚಿನವರನ್ನೂ ಕೂರಿಸುತ್ತವೆ. ಹೆಚ್ಚು ಸಂಬಳ ಕೊಡುವ ಪ್ರಾಡಕ್ಟ್ ಕಂಪನಿಗಳಲ್ಲಿ ಬಹಳಷ್ಟು ಬ್ರಾಂಚ್ ನೋಡಿಯೇ ಬಾಗಿಲು ತೆರೆಯುತ್ತವೆ. ಹೆಸರಾಂತ ಕಾಲೇಜಿನ ಮೆಕ್ಯಾನಿಕಲ್ ಸೇರಿ ಅಲ್ಲಿಂದ ಕೋಡಿಂಗ್‌ಗೆ ಹಾರುತ್ತೇನೆ ಎನ್ನುವವರು, ಹೋಗಬೇಕೆಂದಿರುವ ಕಂಪನಿಗಳು ಆ ಬ್ರಾಂಚನ್ನು ಕೂರಿಸುತ್ತವೆಯೇ ಎಂದು ಅಲ್ಲಿನ ಅಂತಿಮ ವರ್ಷದವರನ್ನು ಮೊದಲೇ ಕೇಳಬೇಕು.

ಸರ್ಕಾರಿ ನೌಕರಿಯ ಕನಸಿದ್ದರೆ ಲೆಕ್ಕ ತಿರುಗುತ್ತದೆ. ಲೋಕೋಪಯೋಗಿ, ನೀರಾವರಿ ಇಲಾಖೆಗಳ ಸಹಾಯಕ ಎಂಜಿನಿಯರ್ ಹುದ್ದೆಗೆ ಸಿವಿಲ್, ವಿದ್ಯುತ್ ಕಂಪನಿಗಳಾದ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳಿಗೆ ಎಲೆಕ್ಟ್ರಿಕಲ್ ನೇರ ದಾರಿ. ಇಲ್ಲಿ ಕಾಲೇಜಿನ ಹೆಸರು ಯಾರೂ ಕೇಳುವುದಿಲ್ಲ. ಮನೆಗೆ ಹತ್ತಿರದ, ಕಡಿಮೆ ಫೀಸಿನ ಸರ್ಕಾರಿ ಕಾಲೇಜೇ ಜಾಣ ಆಯ್ಕೆ.

ಎಐ-ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂಬ ಹೊಸ ಬ್ರಾಂಚುಗಳನ್ನು ಹೆಸರು ನೋಡಿ ಅಳೆಯಬೇಡಿ. ಕಾಲೇಜಿನ ಜಾಲತಾಣದಿಂದ ಮೂರರಿಂದ ಆರನೇ ಸೆಮಿಸ್ಟರಿನ ಪಠ್ಯ ಇಳಿಸಿಕೊಂಡು ಐದು ವಿಷಯ ಇವೆಯೇ ನೋಡಿ: ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ಕಂಪ್ಯೂಟರ್ ನೆಟ್‌ವರ್ಕ್. ಐದೂ ಇದ್ದರೆ ಅದು ಹೆಚ್ಚುಕಡಿಮೆ ಕಂಪ್ಯೂಟರ್ ಸೈನ್ಸೇ, ಜೊತೆಗೆ ಕೆಲವು ವಿಶೇಷ ವಿಷಯಗಳು. ಎರಡು ಮೂರು ಬಿಟ್ಟುಹೋಗಿದ್ದರೆ ಅಡಿಪಾಯ ತೆಳುವಾಗಿದೆ ಎಂದರ್ಥ. ಇನ್ನೊಂದು ತೊಡಕೂ ಇದೆ. ಸರ್ಕಾರಿ ನೇಮಕಾತಿ ಅಧಿಸೂಚನೆಗಳಲ್ಲಿ ಪದವಿಯ ಬ್ರಾಂಚ್ ಹೆಸರನ್ನು ಅಕ್ಷರಶಃ ನೋಡುತ್ತಾರೆ. ಹೊಸ ಹೆಸರಿನ ಪದವಿಯವರು ತತ್ಸಮಾನ ಎಂದು ತೋರಿಸಲು ಓಡಾಡಬೇಕಾಗಬಹುದು.

"ಈಗ ಯಾವುದೋ ಬ್ರಾಂಚ್ ತಗೋ, ಎರಡನೇ ವರ್ಷ ಬದಲಿಸೋಣ" ಎಂಬ ಲೆಕ್ಕಾಚಾರ ಬೇಡ. ಬದಲಾವಣೆಗೆ ಅವಕಾಶವಿದ್ದರೂ ಅದು ಖಾಲಿ ಸೀಟಿನ ಮೇಲೆ ನಿಂತಿದೆ. ಬೇಡಿಕೆಯ ಬ್ರಾಂಚಿನಲ್ಲಿ ಖಾಲಿ ಬೀಳುವುದೇ ಅಪರೂಪ.

ಫೀಸು: ಕೋಡ್ ಬದಲಾದರೆ ಹಣವೂ ಬದಲು

ಸಿಇಟಿ ಮೂಲಕ ಸಿಗುವ ಸೀಟುಗಳಲ್ಲಿ ಸರ್ಕಾರಿ, ಅನುದಾನಿತ, ಖಾಸಗಿ, ಖಾಸಗಿ ವಿಶ್ವವಿದ್ಯಾಲಯ ಎಂಬ ಬಗೆಗಳಿವೆ. ಸರ್ಕಾರಿ ಸಾಲಿನಲ್ಲಿ ಬೆಂಗಳೂರಿನ ಯುವಿಸಿಇ ಇದೆ. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದದ್ದು. ದಾವಣಗೆರೆಯ ಯುಬಿಡಿಟಿ, ಹಾಸನ, ಹಾವೇರಿ, ಕಾರವಾರ, ರಾಯಚೂರು, ರಾಮನಗರ, ಚಾಮರಾಜನಗರ, ಕೃಷ್ಣರಾಜಪೇಟೆ ಮುಂತಾದ ಕಡೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ.

ಅನೇಕರ ಕಣ್ಣಿಗೆ ಬೀಳದೆ ಹೋಗುವುದು ಅನುದಾನಿತ ಸೀಟು. ಮೈಸೂರಿನ ಎನ್‌ಐಇ, ಮಂಡ್ಯದ ಪಿಇಎಸ್, ಹಾಸನದ ಮಲೆನಾಡು, ಬಾಗಲಕೋಟೆಯ ಬಸವೇಶ್ವರ, ಕಲಬುರಗಿಯ ಪಿಡಿಎ, ಬೆಂಗಳೂರಿನ ಬಿಎಂಎಸ್ ಕಾಲೇಜುಗಳಲ್ಲಿ ಹಳೆಯ ಕೆಲವು ಬ್ರಾಂಚುಗಳಿಗೆ ಸರ್ಕಾರದ ಅನುದಾನವಿದೆ, ಹೊಸವಕ್ಕೆ ಇಲ್ಲ. ಅನುದಾನಿತ ಸೀಟಿನ ಫೀಸು ಖಾಸಗಿ ಸೀಟಿಗಿಂತ ಎಷ್ಟೋ ಕಡಿಮೆ. ಒಂದೇ ಆವರಣ, ಆದರೆ ಕೆಇಎ ಪಟ್ಟಿಯಲ್ಲಿ ಅನುದಾನಿತಕ್ಕೊಂದು, ಅನುದಾನರಹಿತಕ್ಕೊಂದು ಬೇರೆ ಕೋಡ್ ಇರಬಹುದು. ಕಾಲೇಜಿನ ಹೆಸರು ನೋಡಿ ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟುಬಿಡುವುದು ಪ್ರತಿ ವರ್ಷ ನಡೆಯುವ ತಪ್ಪು. ಎರಡೂ ಕೋಡ್ ಹುಡುಕಿ, ಕಡಿಮೆ ಫೀಸಿನದನ್ನು ಮೇಲಿಡಿ.

ಇನ್ನೊಂದು ಎಸ್‌ಎನ್‌ಕ್ಯೂ. ಸೂಪರ್‌ನ್ಯೂಮರರಿ ಕೋಟಾ ಎಂಬುದರ ಚಿಕ್ಕ ಹೆಸರು: ಮಂಜೂರಾದ ಸೀಟಿನ ಮೇಲೆ ಹೆಚ್ಚುವರಿಯಾಗಿ 5 ಪ್ರತಿಶತ, ಅಂದರೆ 60ಕ್ಕೆ ಮೂರು ಸೀಟು. ಬೋಧನಾ ಶುಲ್ಕ ಮನ್ನಾ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರಬೇಕು, ಆದಾಯ ಪ್ರಮಾಣಪತ್ರ ದಾಖಲೆ ಪರಿಶೀಲನೆಯ ಹೊತ್ತಿಗೇ ಕೈಯಲ್ಲಿರಬೇಕು. ಇಲ್ಲಿ ಸೀಟು ಕಡಿಮೆ, ಬಯಸುವವರು ಬಹಳ. ಕಟಾಫ್ ಅದೇ ಬ್ರಾಂಚಿನ ಜಿಎಂಗಿಂತ ಬಿಗಿಯಾಗುವುದೂ ಉಂಟು.

ಹೋಲಿಸಬೇಕಾದದ್ದು ಮೊದಲ ವರ್ಷದ ಫೀಸಲ್ಲ, ನಾಲ್ಕು ವರ್ಷದ ಒಟ್ಟು ಖರ್ಚು. ಲೆಕ್ಕದ ದಾರಿ ತೋರಿಸಲು ಎರಡು ಕಾಲ್ಪನಿಕ ಅಂಕಿ ತೆಗೆದುಕೊಳ್ಳೋಣ. ಬೆಂಗಳೂರಿನ ಕಾಲೇಜಿನಲ್ಲಿ ವರ್ಷಕ್ಕೆ ಫೀಸು 1 ಲಕ್ಷ, ಇತರೆ ಶುಲ್ಕ 20 ಸಾವಿರ, ಹಾಸ್ಟೆಲ್ ಮತ್ತು ಮೆಸ್ 1.2 ಲಕ್ಷ, ನಾಲ್ಕು ವರ್ಷಕ್ಕೆ 9.6 ಲಕ್ಷ. ಮನೆಯಿಂದಲೇ ಹೋಗಿಬರುವ ಕಾಲೇಜಿನಲ್ಲಿ ಫೀಸು 1 ಲಕ್ಷ, ಇತರೆ 10 ಸಾವಿರ, ಬಸ್ಸಿಗೆ 25 ಸಾವಿರ. ನಾಲ್ಕು ವರ್ಷಕ್ಕೆ 5.4 ಲಕ್ಷ. ಫೀಸು ಒಂದೇ ಆದರೂ ವ್ಯತ್ಯಾಸ 4.2 ಲಕ್ಷ. ಇದನ್ನು ನೋಡಿದ ಮೇಲೂ ಬೆಂಗಳೂರೇ ಸರಿ ಎನ್ನಿಸಬಹುದು, ಅಂಥ ಕಾಲೇಜುಗಳೂ ಇವೆ. ಆದರೆ ಸಾಲ ಮಾಡಿ ಕಟ್ಟುವ ಮನೆಗೆ ಈ ಅಂಕಿ ಮೊದಲೇ ಗೊತ್ತಿರಬೇಕು.

"ಇತರೆ ಶುಲ್ಕ" ಎಂಬ ಸಾಲಿನ ಬಗ್ಗೆ ಎಚ್ಚರ. ಕೆಇಎಗೆ ಕಟ್ಟುವ ಫೀಸಿನ ಹೊರತಾಗಿ ಪ್ರವೇಶದ ದಿನ ಲ್ಯಾಬ್, ಸ್ಕಿಲ್ ತರಬೇತಿ, ಸಮವಸ್ತ್ರ, ಠೇವಣಿ ಎಂದು ಪಟ್ಟಿ ಉದ್ದವಾಗುತ್ತಾ ಹೋಗುತ್ತದೆ. ಕಳೆದ ವರ್ಷ ಸೇರಿದವರೊಬ್ಬರ ರಸೀದಿ ಕೇಳಿ ನೋಡಿ, ಕಾಲೇಜಿನ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಸಿಗುವ ಉತ್ತರಕ್ಕಿಂತ ಅದು ಗಟ್ಟಿ. ವಿದ್ಯಾರ್ಥಿವೇತನ, ಶುಲ್ಕ ಮರುಪಾವತಿಗೆ ಅರ್ಹತೆ ಇದ್ದರೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿ ವರ್ಷ ಅರ್ಜಿ ಹಾಕಬೇಕು. ಹಣ ತಡವಾಗಿ ಬರುವುದರಿಂದ ಮೊದಲ ಕಂತನ್ನು ಕೈಯಿಂದಲೇ ಹೊಂದಿಸುವ ಲೆಕ್ಕ ಇಟ್ಟುಕೊಳ್ಳಿ.

ಸ್ವಾಯತ್ತವೋ, ವಿಟಿಯು ಪಠ್ಯವೋ

1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಅಂದರೆ ವಿಟಿಯುಗೆ, ಸೇರಿದ ಕಾಲೇಜುಗಳಲ್ಲಿ ಎರಡು ಬಗೆ. ಸ್ವಾಯತ್ತ ಕಾಲೇಜಿನಲ್ಲಿ ಪಠ್ಯ, ಪ್ರಶ್ನೆಪತ್ರಿಕೆ, ಮೌಲ್ಯಮಾಪನ ಕಾಲೇಜಿನದೇ. ಪದವಿ ಮಾತ್ರ ವಿಟಿಯುವಿನದು. ಉಳಿದ ಕಾಲೇಜುಗಳಲ್ಲಿ ಎಲ್ಲವೂ ವಿಟಿಯುವಿನದು. ಸ್ವಾಯತ್ತದಲ್ಲಿ ಪಠ್ಯ ಬೇಗ ಬದಲಾಗುತ್ತದೆ, ಫಲಿತಾಂಶವೂ ಬೇಗ. ಆದರೆ ಪಾಠ ಮಾಡಿದವರೇ ಪ್ರಶ್ನೆ ತೆಗೆದು ಅಂಕ ಕೊಡುವುದರಿಂದ, ಬೋಧಕರು ಸಾಧಾರಣವಾಗಿರುವ ಕಡೆ ಅಂಕ ಉದಾರವಾಗಿ ಬಂದು ಕಲಿಕೆ ತೆಳುವಾಗಿರಬಹುದು. ಸ್ವಾಯತ್ತ ಎಂಬ ಪದಕ್ಕೇ ಅಂಕ ಕೊಡಬೇಡಿ, ಕಾಲೇಜು ನೋಡಿ ಕೊಡಿ. ಖಾಸಗಿ ವಿಶ್ವವಿದ್ಯಾಲಯಗಳ ಪದವಿ ಅವುಗಳದ್ದೇ, ಕೆಇಎ ಮೂಲಕ ಅವುಗಳ ಒಂದು ಭಾಗ ಸೀಟು ಮಾತ್ರ ಬರುತ್ತದೆ. ಫೀಸಿನ ಪಟ್ಟಿಯನ್ನು ಬೇರೆಯಾಗಿಯೇ ಓದಿಕೊಳ್ಳಿ.

ಪ್ಲೇಸ್‌ಮೆಂಟ್ ಅಂಕಿಯ ಒಳಗೆ

ಹೆದ್ದಾರಿಯ ಫಲಕದಲ್ಲಿ ಕಾಣುವ "ಗರಿಷ್ಠ ಪ್ಯಾಕೇಜ್" ಒಬ್ಬ ವಿದ್ಯಾರ್ಥಿಯದು. "ಇಷ್ಟು ಆಫರ್" ಎಂಬ ಅಂಕಿಯಲ್ಲಿ ಒಬ್ಬರಿಗೇ ಬಂದ ಎರಡು ಆಫರ್ ಎರಡಾಗಿ ಸೇರಿರಬಹುದು. ನಿಮಗೆ ಬೇಕಾದದ್ದು ಮಧ್ಯಾಂಕ ಸಂಬಳ, ಅಂದರೆ ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಕ್ರಮದಲ್ಲಿ ನಿಲ್ಲಿಸಿದಾಗ ನಡುವೆ ನಿಂತವನ ಸಂಬಳ.

ಇದು ಸಿಗುವ ಜಾಗ ಎನ್‌ಐಆರ್‌ಎಫ್ ದಾಖಲೆ. ಕೇಂದ್ರದ ಈ ಶ್ರೇಯಾಂಕಕ್ಕೆ ಅರ್ಜಿ ಹಾಕಿದ ಕಾಲೇಜುಗಳು ತಾವು ಸಲ್ಲಿಸಿದ ಮಾಹಿತಿಯನ್ನು ಜಾಲತಾಣದಲ್ಲಿ ಪಿಡಿಎಫ್ ಆಗಿ ಹಾಕಿರುತ್ತವೆ. ಶ್ರೇಯಾಂಕ ಸಿಗದ ಕಾಲೇಜುಗಳದೂ ಸಿಗಬಹುದು. ಅದರಲ್ಲಿ ನಾಲ್ಕು ವರ್ಷದ ಪದವಿಯ ಪಟ್ಟಿ ತೆರೆದು ಐದು ಅಂಕಿ ಬರೆದುಕೊಳ್ಳಿ: ಸೇರಿದವರು, ನಿಗದಿತ ಅವಧಿಯಲ್ಲಿ ಪಾಸಾದವರು, ಕೆಲಸ ಸಿಕ್ಕವರು, ಮಧ್ಯಾಂಕ ಸಂಬಳ, ಉನ್ನತ ವ್ಯಾಸಂಗಕ್ಕೆ ಹೋದವರು. 600 ಜನ ಸೇರಿ 420 ಜನ ಹೊತ್ತಿಗೆ ಸರಿಯಾಗಿ ಪಾಸಾಗಿ, ಅವರಲ್ಲಿ 300 ಜನಕ್ಕೆ ಕೆಲಸ ಸಿಕ್ಕಿದ್ದರೆ, ಜಾಹೀರಾತು ಹೇಳುವ ಪ್ರತಿಶತ 71. ಸೇರಿದವರ ಲೆಕ್ಕದಲ್ಲಿ ಅದು 50. ಈ ಎರಡನೇ ಅಂಕಿಯಿಂದ ಕಾಲೇಜುಗಳನ್ನು ಹೋಲಿಸಿದರೆ ಚಿತ್ರವೇ ಬದಲಾಗುತ್ತದೆ. ಒಂದು ಕೊರತೆ: ಇದು ಇಡೀ ಕಾಲೇಜಿನ ಅಂಕಿ, ಬ್ರಾಂಚುವಾರು ಸಿಗುವುದಿಲ್ಲ. ಕಂಪ್ಯೂಟರ್ ಸೀಟು ಹೆಚ್ಚಿರುವ ಕಾಲೇಜಿನ ಮಧ್ಯಾಂಕ ಅದರಿಂದಲೇ ಮೇಲೇರಿರುತ್ತದೆ. ಸಿವಿಲ್ ಸೇರುವವರು ಆ ಅಂಕಿಯನ್ನು ತಮ್ಮದೆಂದುಕೊಳ್ಳಬಾರದು.

ಗುಣಮಟ್ಟದ ಮಾನ್ಯತೆಯಲ್ಲಿ ನ್ಯಾಕ್ ಇಡೀ ಸಂಸ್ಥೆಗೆ, ಎನ್‌ಬಿಎ ಒಂದೊಂದು ಬ್ರಾಂಚಿಗೆ. ನಿಮಗೆ ಹೆಚ್ಚು ಉಪಯೋಗದ್ದು ಎನ್‌ಬಿಎ. "ನಮ್ಮ ಕಾಲೇಜಿಗೆ ಎನ್‌ಬಿಎ ಇದೆ" ಎಂದರೆ ನೀವು ಸೇರುವ ಬ್ರಾಂಚಿಗೆ ಇದೆಯೇ, ಯಾವ ತಾರೀಖಿನವರೆಗೆ ಎಂದು ಕೇಳಿ. ಅದನ್ನು ಮೂರು ವರ್ಷಕ್ಕೆ ಅಥವಾ ಆರು ವರ್ಷಕ್ಕೆ ಕೊಡುತ್ತಾರೆ.

ಬೋಧಕರನ್ನು ಎಣಿಸುವುದು ಎಲ್ಲಕ್ಕಿಂತ ಸುಲಭ, ಆದರೂ ಯಾರೂ ಮಾಡುವುದಿಲ್ಲ. ಎಐಸಿಟಿಇ ಪ್ರಕಾರ 20 ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು. ವರ್ಷಕ್ಕೆ 180 ಸೀಟಿನ ವಿಭಾಗದಲ್ಲಿ ನಾಲ್ಕು ವರ್ಷಕ್ಕೆ 720 ಜನ, 36 ಬೋಧಕರು ಬೇಕು. ಮೊದಲ ವರ್ಷದ ಪಾಠ ಗಣಿತ, ಭೌತಶಾಸ್ತ್ರ ವಿಭಾಗದವರ ಪಾಲಿಗೂ ಬರುವುದರಿಂದ ಸ್ವಲ್ಪ ಕಡಿಮೆಯಿದ್ದರೆ ನಡೆಯುತ್ತದೆ. ಜಾಲತಾಣದಲ್ಲಿ 18 ಹೆಸರು ಮಾತ್ರ ಇದ್ದು, ಅವರಲ್ಲಿ ಹೆಚ್ಚಿನವರು ಕಳೆದ ಒಂದೆರಡು ವರ್ಷದಲ್ಲಿ ಸೇರಿದವರಾಗಿದ್ದರೆ, ಸೀಟು ಏರಿಸಿದಷ್ಟು ವೇಗದಲ್ಲಿ ಬೋಧಕರು ಬಂದಿಲ್ಲ ಎಂದೇ ತಿಳಿಯಿರಿ.

ಸಿಇಟಿ, ಕಾಮೆಡ್‌ಕೆ, ಮ್ಯಾನೇಜ್‌ಮೆಂಟ್

ಒಂದೇ ಖಾಸಗಿ ಕಾಲೇಜಿಗೆ ಮೂರು ಬಾಗಿಲು. ಸಾಮಾನ್ಯವಾಗಿ 45 ಪ್ರತಿಶತ ಕೆಇಎಗೆ, 30 ಪ್ರತಿಶತ ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌ಕೆಗೆ, ಉಳಿದದ್ದು ಆಡಳಿತ ಮಂಡಳಿಗೆ. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಈ ಪಾಲು ಬೇರೆ. ಒಳಗೆ ಹೋದ ಮೇಲೆ ತರಗತಿಯೂ ಒಂದೇ, ಪದವಿಯೂ ಒಂದೇ.

ಸಿಇಟಿ ರ‍್ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕಾಮೆಡ್‌ಕೆ ರ‍್ಯಾಂಕಿಗೆ ಅದರ ಪರೀಕ್ಷೆಯೊಂದೇ ಆಧಾರ. ಪಿಯುಸಿಯಲ್ಲಿ ಅಂಕ ಜಾರಿದವರಿಗೆ ಕಾಮೆಡ್‌ಕೆ ಇನ್ನೊಂದು ಅವಕಾಶ. ಆದರೆ ದೇಶದ ಎಲ್ಲೆಡೆಯಿಂದ ಬರೆಯುತ್ತಾರೆ, ಬೇಡಿಕೆಯ ಕಾಲೇಜುಗಳಲ್ಲಿ ಫೀಸು ವರ್ಷಕ್ಕೆ 2 ಲಕ್ಷ ದಾಟುತ್ತದೆ. ಒಂದೇ ಕಾಲೇಜಿನಲ್ಲಿ ಸಿಇಟಿಯಿಂದ ಇಸಿ, ಕಾಮೆಡ್‌ಕೆಯಿಂದ ಕಂಪ್ಯೂಟರ್ ಸೈನ್ಸ್ ಸಿಕ್ಕರೆ ಫೀಸಿನ ವ್ಯತ್ಯಾಸವನ್ನು ನಾಲ್ಕರಿಂದ ಗುಣಿಸಿ, ಬ್ರಾಂಚಿಗೆ ಅಷ್ಟು ಕೊಡಬೇಕೇ ಎಂದು ಯೋಚಿಸಿ. ಎಲೆಕ್ಟ್ರಾನಿಕ್ಸ್ ಬಗ್ಗೆ ಬೇಸರವಿಲ್ಲದ ವಿದ್ಯಾರ್ಥಿಗೆ ಅಷ್ಟು ಹಣ ಸುರಿಯುವುದು ದಂಡ ಎಂಬುದು ನಮ್ಮ ಅಭಿಪ್ರಾಯ. ಎರಡೂ ಕಡೆಯ ಸುತ್ತುಗಳ ತಾರೀಖು ಒಂದರ ಮೇಲೊಂದು ಬೀಳುವುದರಿಂದ, ಯಾವ ದಿನದೊಳಗೆ ಬಿಟ್ಟರೆ ಎಷ್ಟು ಹಣ ಹಿಂದಿರುಗುತ್ತದೆ ಎಂಬುದನ್ನು ಕಟ್ಟುವ ಮೊದಲೇ ಓದಿಕೊಳ್ಳಿ. ಮ್ಯಾನೇಜ್‌ಮೆಂಟ್ ಸೀಟನ್ನು "ನಾಳೆ ಇರಲ್ಲ" ಎಂದು ಅವಸರಪಡಿಸಿ ಮಾರುತ್ತಾರೆ. ಸಿಇಟಿ ಮೊದಲ ಸುತ್ತು ನೋಡುವ ಮುನ್ನ ಮುಂಗಡ ಕೊಡಬೇಡಿ.

ಜೆಇಇ ಮೇನ್ ಬರೆದವರು ಸುರತ್ಕಲ್‌ನ ಎನ್‌ಐಟಿಕೆ ಮರೆಯಬಾರದು. ಅಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ ಮೀಸಲು, ಅದಕ್ಕೆ ದಾರಿ ಕೇಂದ್ರ ಸಂಸ್ಥೆಗಳ ಸೀಟು ಹಂಚುವ ಜೋಸಾ ಕೌನ್ಸೆಲಿಂಗ್, ಸಿಇಟಿ ಅಲ್ಲ.

ಪಟ್ಟಿ ಕಟ್ಟುವ ಕೆಲಸ

ಆಪ್ಷನ್ ಎಂಟ್ರಿ ತೆರೆಯುವ ಮೊದಲೇ ಒಂದು ಹಾಳೆ ತಯಾರಿಸಿ. ಪ್ರತಿ ಸಾಲಿಗೆ ಕಾಲೇಜು ಕೋಡ್, ಬ್ರಾಂಚ್ ಕೋಡ್, ನಿಮ್ಮ ವರ್ಗದ ಮೊದಲ ಮತ್ತು ಕೊನೆಯ ಸುತ್ತಿನ ಕಟಾಫ್, ಈ ವರ್ಷದ ಸೀಟು, ನಾಲ್ಕು ವರ್ಷದ ಖರ್ಚು, ಮಧ್ಯಾಂಕ ಸಂಬಳ, ಎನ್‌ಬಿಎ ಮುಗಿಯುವ ತಾರೀಖು. 40ರಿಂದ 60 ಸಾಲು ಇದ್ದರೆ ಒಳ್ಳೆಯದು. ಅದರಲ್ಲಿ ಕಾಲು ಭಾಗವಾದರೂ ಭದ್ರ ಸೀಟುಗಳಿರಲಿ. ಹತ್ತು ಹದಿನೈದು ಆಪ್ಷನ್ ಹಾಕಿ ಸುಮ್ಮನಾದವರಿಗೇ "ನೋ ಸೀಟ್" ಬರುವುದು ಹೆಚ್ಚು.

ಕ್ರಮ ಹಚ್ಚುವಾಗ ಎಲ್ಲವನ್ನೂ ಒಟ್ಟಿಗೆ ನೋಡಿದರೆ ತಲೆ ಗಿರ್ರೆನ್ನುತ್ತದೆ. ಎರಡೆರಡಾಗಿ ಹಿಡಿಯಿರಿ. ಮೊದಲ ಎರಡನ್ನು ಜೋಡಿಸಿ, ಮೂರನೆಯದನ್ನು ತೆಗೆದು, "ಇದೂ ಅದೂ ಎರಡೂ ಸಿಕ್ಕರೆ ಯಾವುದಕ್ಕೆ ಹೋಗುತ್ತೀಯ?" ಎಂದು ಕೇಳಿ ಸರಿಯಾದ ಜಾಗದಲ್ಲಿ ಸೇರಿಸಿ. ಉತ್ತರ ವಿದ್ಯಾರ್ಥಿಯ ಬಾಯಿಂದ ಬರಲಿ, ಖರ್ಚಿನ ಗೆರೆ ಅಪ್ಪ ಅಮ್ಮ ಹಾಕಲಿ. ಆ ಗೆರೆ ದಾಟಿದ ಆಪ್ಷನ್ ಎಷ್ಟೇ ಚೆನ್ನಾಗಿದ್ದರೂ ಪಟ್ಟಿಯಲ್ಲಿರಬಾರದು, ಯಾಕೆಂದರೆ ಅದು ಸಿಕ್ಕುಬಿಡಬಹುದು.

ಮೊದಲ ಸುತ್ತಿಗೆ ಮುನ್ನ ಅಣಕು ಹಂಚಿಕೆ ಬರುತ್ತದೆ. ಅದರಲ್ಲಿ ಕಂಡ ಸೀಟು ನಿಮ್ಮದಲ್ಲ, ಪಟ್ಟಿ ತಿದ್ದಲು ಸಿಕ್ಕ ಸೂಚನೆ ಮಾತ್ರ. ಅಣಕಿನಲ್ಲಿ 12ನೆಯ ಆಪ್ಷನ್ ಸಿಕ್ಕಿತು ಎಂದು 13ರ ಕೆಳಗಿನದನ್ನೆಲ್ಲ ಅಳಿಸಿ ಹಾಕುವವರಿದ್ದಾರೆ. ಎಲ್ಲರೂ ತಿದ್ದಿದ ಮೇಲೆ ನಿಜವಾದ ಸುತ್ತಿನಲ್ಲಿ 12 ಜಾರಿಹೋದರೆ ಕೆಳಗೆ ಹಿಡಿಯಲು ಏನೂ ಇರುವುದಿಲ್ಲ. ಸೇರಿಸಿ, ಕ್ರಮ ಬದಲಿಸಿ. ಭದ್ರ ಸೀಟು ತೆಗೆಯಬೇಡಿ.

ನಿಜವಾದ ಸುತ್ತಿನ ನಂತರ ನಾಲ್ಕು ಛಾಯ್ಸ್. ಒಂದನೆಯದು, ಸೀಟು ಒಪ್ಪಿ ಫೀಸು ಕಟ್ಟಿ ಕಾಲೇಜಿಗೆ ವರದಿ ಮಾಡಿಕೊಳ್ಳುವುದು. ಎರಡನೆಯದು, ಸಿಕ್ಕದ್ದನ್ನು ಇಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್‌ಗೆ ಕಾಯುವುದು. ಮೂರನೆಯದು, ಸಿಕ್ಕದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಹೊರನಡೆಯುವುದು. ಎರಡನೆಯದನ್ನು ಆರಿಸಿದವರಿಗೆ ಮೇಲಿನ ಆಪ್ಷನ್ ಸಿಕ್ಕ ಕೂಡಲೇ ಹಳೆಯ ಸೀಟು ತಾನಾಗಿ ರದ್ದು. "ಹಳೆಯದೇ ಇರಲಿ" ಎನ್ನಲು ಆಗುವುದಿಲ್ಲ. ಆದ್ದರಿಂದ ಮುಂದಿನ ಸುತ್ತಿಗೆ ಮೊದಲು, ಈಗ ಸಿಕ್ಕಿರುವ ಸೀಟಿಗಿಂತ ನಿಜಕ್ಕೂ ಉತ್ತಮವಲ್ಲದ ಮೇಲಿನ ಆಪ್ಷನ್‌ಗಳನ್ನು ತೆಗೆಯಿರಿ. ಎರಡನೇ ಛಾಯ್ಸ್‌ಗೆ ಫೀಸು ಯಾವಾಗ ಕಟ್ಟಬೇಕು ಎಂಬ ನಿಯಮ ಬದಲಾಗುವುದರಿಂದ ಆ ವರ್ಷದ ಸೂಚನೆಯನ್ನೇ ಓದಿ. ಮೂರನೆಯದು ಬಹುತೇಕರಿಗೆ ಬೇಡದ ಜೂಜು.

ಸೈಬರ್ ಸೆಂಟರಿನಲ್ಲಿ ಎಂಟ್ರಿ ಮಾಡಿಸುವುದಾದರೆ ನಿಮ್ಮ ಹಾಳೆ ಹಿಡಿದು ಪಕ್ಕದಲ್ಲೇ ಕೂತು ಕೋಡ್ ಓದಿ ಹೇಳಿ. ಪಾಸ್‌ವರ್ಡ್ ಅಲ್ಲಿ ಬಿಟ್ಟು ಬರಬೇಡಿ, ಒಟಿಪಿ ಬರುವ ಮೊಬೈಲ್ ನಿಮ್ಮ ಕೈಯಲ್ಲೇ ಇರಲಿ. ಮನೆಗೆ ಬಂದು ಪಟ್ಟಿ ಮುದ್ರಿಸಿ, ಒಬ್ಬರು ಹಾಳೆ ಓದುತ್ತಾ ಇನ್ನೊಬ್ಬರು ಮುದ್ರಿತ ಪ್ರತಿಯಲ್ಲಿ ಗುರುತು ಹಾಕುತ್ತಾ ತಾಳೆ ನೋಡಿ. ಒಂದು ಅಂಕಿ ತಪ್ಪಿದರೆ ಬೇರೆ ಜಿಲ್ಲೆಯ ಕಾಲೇಜಾಗುತ್ತದೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪತ್ರದ ಆರ್‌ಡಿ ಸಂಖ್ಯೆ ಅರ್ಜಿಯಲ್ಲಿ ಸರಿಯಾಗಿ ಬಿದ್ದಿದೆಯೇ ಎಂಬುದನ್ನೂ ಅದೇ ದಿನ ನೋಡಿಬಿಡಿ. ಪರಿಶೀಲನೆಯಲ್ಲಿ ಮೀಸಲಾತಿ ಒಪ್ಪಿಗೆಯಾಗದಿದ್ದರೆ ಇಡೀ ಹಾಳೆಯನ್ನು ಜಿಎಂ ಕಟಾಫ್ ಹಿಡಿದು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ.